100 ಮಿಲಿಸೀವರ್ಟ್‌ಗಿಂತ ಕಡಿಮೆ ವಿಕಿರಣದ ಕ್ಯಾನ್ಸರ್ ಅಪಾಯವನ್ನು ನಿಯಂತ್ರಕರು ಹೇಗೆ ಅಂದಾಜಿಸಬೇಕು?

ಮಿಲಿಸೀವರ್ಟ್ ಎಂದರೆ ದೇಹಕ್ಕೆ ತಗುಲಿದ ವಿಕಿರಣದ ಅಳತೆ; ಸಾವಿರ ಸೇರಿದರೆ ಒಂದು ಸೀವರ್ಟ್. ಇಷ್ಟು ಕಡಿಮೆ ಪ್ರಮಾಣದಲ್ಲಿ ಅಪಾಯವನ್ನು ಎಣಿಸಿ ತೋರಿಸುವುದು ಬಹಳ ಕಷ್ಟ. ಲೆಕ್ಕ ನೋಡಿ: ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗವಾದ ಐಸಿಆರ್‌ಪಿ 2007ರಲ್ಲಿ ಇಡೀ ಜನಸಮೂಹಕ್ಕೆ ಕೊಟ್ಟ ಕ್ಯಾನ್ಸರ್ ಅಪಾಯದ ಗುಣಾಂಕ ಸೀವರ್ಟ್‌ಗೆ 5.5%. 10,000 ಜನರಿಗೆ ತಲಾ 10 ಮಿಲಿಸೀವರ್ಟ್ (ಹೆಚ್ಚುಕಮ್ಮಿ ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್) ತಗುಲಿದರೆ ಹೆಚ್ಚುವರಿ ಕ್ಯಾನ್ಸರ್ ಐದಾರು. ಅವರಲ್ಲಿ ಹೇಗಿದ್ದರೂ 2,000 ಮಂದಿಗೆ ಕ್ಯಾನ್ಸರ್ ಬರುತ್ತದೆ ಎಂದುಕೊಳ್ಳಿ. ಆ ಸಂಖ್ಯೆ ಬರೀ ಆಕಸ್ಮಿಕವಾಗಿಯೇ 40ರಷ್ಟು ಹೆಚ್ಚುಕಡಿಮೆ ಆಗುತ್ತದೆ. ಐದಾರು ಅದರಲ್ಲಿ ಮುಳುಗಿಹೋಗುತ್ತದೆ.

ಹಾಗಾಗಿ 'ಕಾಣಲಿಲ್ಲ' ಎಂಬುದನ್ನು 'ಇಲ್ಲ' ಎಂದು ಓದಬಾರದು. ಸಹಜವಾಗಿಯೇ ವಿಕಿರಣ ಸೂಸುವ ಮೋನಜೈಟ್ ಮರಳಿರುವ ಕೇರಳದ ಕರುನಾಗಪಳ್ಳಿ ಕರಾವಳಿಯ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಳ ಕಾಣಲಿಲ್ಲ. ಫ್ರಾನ್ಸ್, ಬ್ರಿಟನ್, ಅಮೆರಿಕದ ಅಣು ಕಾರ್ಮಿಕರ ಇನ್‌ವರ್ಕ್ಸ್ ಅಧ್ಯಯನದಲ್ಲಿ ಕಂಡಿತು. ಎರಡನ್ನೂ ತೂಗಿ ನೋಡಬೇಕು.

ಮಿತಿ ನಿಗದಿಗೆ ಸುರಕ್ಷಿತ ಹೊಸ್ತಿಲಿಲ್ಲದ ನೇರರೇಖೆಯ ಮಾದರಿಯೇ ಸರಿ, ಅಂದರೆ ಎಷ್ಟೇ ಕಡಿಮೆ ವಿಕಿರಣಕ್ಕೂ ಅದರ ಪ್ರಮಾಣಕ್ಕೆ ತಕ್ಕಷ್ಟು ಅಪಾಯವಿದೆ ಎಂದು ಎಣಿಸುವುದು. ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯ ಮಿತಿ, ಕೈಗಾ ಅಣು ಸ್ಥಾವರದ ಕಾರ್ಮಿಕರಿಗೂ ಅನ್ವಯ: ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ವರ್ಷವೂ 30 ಮೀರುವಂತಿಲ್ಲ, ಸಾರ್ವಜನಿಕರಿಗೆ 1. ಆದರೆ ಅದೇ ಗುಣಾಂಕವನ್ನು ಅತ್ಯಲ್ಪ ಪ್ರಮಾಣ ತಗುಲಿದ ಕೋಟಿ ಜನರಿಗೆ ಗುಣಿಸಿ 'ಇಷ್ಟು ಸಾವು' ಎಂದು ಘೋಷಿಸುವುದು ತಪ್ಪು, ಐಸಿಆರ್‌ಪಿಯೇ ಬೇಡವೆನ್ನುತ್ತದೆ. ಒಬ್ಬ ವ್ಯಕ್ತಿಯ ಅಪಾಯ ಹೇಳುವಾಗ ವಯಸ್ಸು, ಲಿಂಗ, ಅಂಗವಾರು ಡೋಸ್ ಬೇಕು. ಮಕ್ಕಳಿಗೆ ಅಪಾಯ ಹೆಚ್ಚು. ಉತ್ತರವನ್ನು ಒಂದೇ ಅಂಕಿಯಾಗಿ ಕೊಡದೆ ಕನಿಷ್ಠ-ಗರಿಷ್ಠ ವ್ಯಾಪ್ತಿಯಾಗಿ ಕೊಡಬೇಕು.