ಪ್ರತಿಕ್ರಿಯೆ: ಪಗಾರದ ದಿನ ಢಾಬಾದಾಗ ಕುಡಿಯಾಕ ಒತ್ತಾಯ ಮಾಡಿದ್ರ

ಗೋಕುಲ ರೋಡಿನ ಕಾರ್ಖಾನಿ ಗೆಳೆಯರು ಪಗಾರದ ದಿನ ಢಾಬಾಕ್ಕ ಕರೀತಾರ, ಪ್ರಾರ್ಥನೆ ಮಾಡ್ಕೊಂಡ ಹೋದ್ರೂ ಗ್ಲಾಸ್ ಮುಂದ ಬಂದಾಗ ಬ್ಯಾಡ ಅನ್ನಾಕ ಅಂಜಿಕಿ ಆಗ್ತೈತಿ ಅಂತ ಕೇಳೀರಿ.

ಬೈಬಲಿನಾಗ ದಾನಿಯೇಲ 1:8 ನೋಡ್ರಿ. ಬಾಬೆಲ್ ರಾಜನ ಅರಮನ್ಯಾಗಿದ್ದ ದಾನಿಯೇಲ, ರಾಜನ ದ್ರಾಕ್ಷಾರಸ ಮುಟ್ಟೂದಿಲ್ಲ ಅಂತ ಮೊದಲ ನಿಶ್ಚಯ ಮಾಡಿದ, ಕೇಳಿದ್ದು ಆಮ್ಯಾಲೆ. ಮೇಲ್ವಿಚಾರಕನ ಜೋಡಿ ಜಗಳಾಡಲಿಲ್ಲ. 10 ದಿನ ಕಾಯಿಪಲ್ಯ, ನೀರು ಕೊಟ್ಟು ನೋಡ್ರಿ ಅಂದ, ಅಷ್ಟ. ನೀವು ನಿಶ್ಚಯಾನ ಟೇಬಲ್ ತನಕಾ ಮುಂದ ಹಾಕ್ತೀರಿ, ಅಲ್ಲೇ ಸೋಲು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗನ ಒಬ್ಬ ಗೆಳೆಯಗ ಹೇಳಿಬಿಡ್ರಿ: "ಬರ್ತೀನಿ, ಉಣ್ತೀನಿ, ಕುಡಿಯಂಗಿಲ್ಲ." ಕುಂತ ಕೂಡಲೇ ಸೋಡಾ ತರಿಸ್ರಿ, ಕೈ ಖಾಲಿ ಇರಬಾರದು. ಹೊಟ್ಟಿ ನೆಟ್ಟಗಿಲ್ಲ ಅಂತ ಸುಳ್ಳ ಹೇಳಬ್ಯಾಡ್ರಿ. ಮುಂದಿನ ತಿಂಗಳು ಹೊಟ್ಟಿ ನೆಟ್ಟಗಾದ್ರ ಏನಂತೀರಿ?

ಅಂಜಿದ್ದಕ್ಕ ನಾಚಬ್ಯಾಡ್ರಿ. ಮಹಾಯಾಜಕನ ಅಂಗಳದಾಗ ಬೆಂಕಿ ಕಾಸ್ತಿದ್ದ ಯೇಸುವಿನ ಶಿಷ್ಯ ಪೇತ್ರನೂ ಒಬ್ಬ ದಾಸಿ ಕೇಳಿದ್ದಕ್ಕ ಅಂಜಿ, ಯೇಸು ಗೊತ್ತಿಲ್ಲ ಅಂತ ಜಾರಿದ.

ಎರಡು ಸಲ ಹೇಳಿದ್ರೂ ಬಿಡಲಿಲ್ಲಂದ್ರ ನಿಮ್ಮ ಪಾಲಿನ ರೊಕ್ಕ ಇಟ್ಟು ಎದ್ದು ಬರ್ರಿ. ಬೈಬಲಿನ 1 ಕೊರಿಂಥ 10:13ರಾಗ ಹೇಳಿದ, ಶೋಧನೆಯಿಂದ ತಪ್ಪಿಸ್ಕೊಳ್ಳೋ ದಾರಿ ಅದೂ ಆಗಬಹುದು. ಅದಕ್ಕ ಮತ್ತೊಬ್ಬರ ಬೈಕಿನ ಹಿಂದ ಕುಂತ ಹೋಗಬ್ಯಾಡ್ರಿ, ನಿಮ್ಮ ಗಾಡಿ ತಗೊಂಡ ಹೋಗ್ರಿ.