ಉತ್ತರ: ಎ515ರಲ್ಲಿ ಹಿಮ ಬಿದ್ದಾಗ ಫೋನ್ ತೋರಿಸುವ ಒಳದಾರಿಗೆ ಇಳಿಯಬೇಡಿ

ಆಶ್‌ಬೋರ್ನ್‌ನಿಂದ ಬಕ್ಸ್‌ಟನ್ನಿನ ಕೇರ್ ಹೋಮಿಗೆ (ಆರೈಕೆ ಕೇಂದ್ರಕ್ಕೆ) ಇಂಗ್ಲೆಂಡಿನ ಡರ್ಬಿಶೈರಿನ ಎ515 ರಸ್ತೆಯಲ್ಲಿ ಕೆಲಸಕ್ಕೆ ಹೋಗುವಾಗ ನಿನ್ನೆ ನಡೆದದ್ದನ್ನು ನೀವು ಈ ವೇದಿಕೆಯಲ್ಲಿ ಬರೆದಿರುವುದನ್ನು ಓದಿದೆ. ಮನೆ ಬಿಟ್ಟಾಗ ಬರೀ ಮಳೆಯಿತ್ತು, ನ್ಯೂಹೇವನ್ ದಾಟುವಷ್ಟರಲ್ಲಿ ರಸ್ತೆ ಬೆಳ್ಳಗಾಗಿತ್ತು, ಪಾರ್ಸ್ಲಿ ಹೇ ಆಚೆ ಲಾರಿಯೊಂದು ಅಡ್ಡ ನಿಂತು ವಾಹನಗಳ ಸಾಲು ಕದಲುತ್ತಿರಲಿಲ್ಲ. ಆಗ ಫೋನಿನ ನಕ್ಷೆ ಎಡಕ್ಕೆ ತೋರಿಸಿದ ದಾರಿ ಹಿಡಿದು ಡವ್ ಕಣಿವೆಗೆ ಇಳಿದಿರಿ, ಕ್ರೌಡಿಕೋಟ್ ಇಳಿಜಾರಿನಲ್ಲಿ ಬ್ರೇಕ್ ತುಳಿದಿರಿ, ಕಾರು ಜಾರಿ ಕಲ್ಲುಗೋಡೆಗೆ ತಗುಲಿ ನಿಂತಿತು, ಅದನ್ನು ಅಲ್ಲೇ ಬಿಟ್ಟು ನಡೆದು ಹೋದಿರಿ. ಇನ್ನು ಮುಂದೆ ಫೋರ್ ವೀಲ್ ಡ್ರೈವ್ ಕೊಳ್ಳಲೇ ಎಂಬುದು ನಿಮ್ಮ ಪ್ರಶ್ನೆ. ಕೊಳ್ಳಬೇಡಿ. ಅದೇ ಒಳದಾರಿಗೆ ಹಿಂದೊಮ್ಮೆ ಇಳಿದವನಾದ್ದರಿಂದ ಹೇಳುತ್ತಿದ್ದೇನೆ: ನಿಮ್ಮನ್ನು ಗೋಡೆಗೆ ತಂದು ನಿಲ್ಲಿಸಿದ್ದು ಕಾರಲ್ಲ, ಎಡಕ್ಕೆ ತಿರುಗುವ ನಿರ್ಧಾರ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಕಾರು ಏರು ಹತ್ತಲು ನೆರವಾಗುತ್ತದೆ, ಆದರೆ ನಿಲ್ಲಿಸುವಾಗ ಎಲ್ಲ ಕಾರಿಗೂ ಬ್ರೇಕ್ ಇರುವುದು ನಾಲ್ಕೇ ಚಕ್ರಕ್ಕೆ, ಹಿಡಿತ ಸಿಗುವುದು ಟೈರಿನಿಂದ ಮಾತ್ರ. ಬೇಸಿಗೆ ಟೈರಿನ ದೊಡ್ಡ ಎಸ್‌ಯುವಿ ಹತ್ತಬಾರದ ದಿಣ್ಣೆಯನ್ನು ಹತ್ತಿ, ಆಚೆ ಬದಿಯ ಇಳಿಜಾರಿನಲ್ಲಿ ತನ್ನ ತೂಕವನ್ನೆಲ್ಲ ಹೊತ್ತು ಜಾರುತ್ತದೆ. ನಿಮಗೆ ಎಸ್‌ಯುವಿ ಸೂಚಿಸಿದವರು ಇದನ್ನು ಹೇಳಬೇಕಿತ್ತು.

ನಕ್ಷೆ ಹಾಗೇಕೆ ತೋರಿಸುತ್ತದೆಂದು ತಿಳಿದುಕೊಳ್ಳಿ. ಅದು ಮುಖ್ಯವಾಗಿ ನೋಡುವುದು ವಾಹನಗಳ ವೇಗವನ್ನು. ಒಳದಾರಿಯಲ್ಲಿ ಯಾರೂ ಓಡಾಡದಿದ್ದರೆ ಅಲ್ಲಿ ತಡೆಯಿಲ್ಲವೆಂದು ಲೆಕ್ಕ ಹಾಕಿ ಮಾಮೂಲಿ ದಿನದ ಸಮಯವನ್ನೇ ಕೊಡುತ್ತದೆ. ಹಿಮದ ದಿನ ಆ ದಾರಿ ಖಾಲಿ ಇರುವುದು ಅಲ್ಲಿ ಯಾರಿಗೂ ಹೋಗಲಾಗದ ಕಾರಣಕ್ಕೆ. ಕೌನ್ಸಿಲಿನವರು (ಸ್ಥಳೀಯ ಆಡಳಿತದವರು) ಹಿಮ ಕರಗಲೆಂದು ಉಪ್ಪು ಹಾಕುವುದು ಮೊದಲಿಗೆ ಎ ರಸ್ತೆಗಳಿಗೆ, ಅಂದರೆ ಹೆದ್ದಾರಿಗಳಿಗೆ, ಅವುಗಳ ನಂತರದ ದರ್ಜೆಯ ಮುಖ್ಯವಾದ ಬಿ ರಸ್ತೆಗಳಿಗೆ ಮತ್ತು ಬಸ್ ಓಡಾಡುವ ಹಾದಿಗಳಿಗೆ. ಒಂಟಿ ಹಾದಿಗಳ ಸರದಿ ಬರುವುದು ಕೊನೆಗೆ, ಎಷ್ಟೋ ಸಲ ಬರುವುದೇ ಇಲ್ಲ. ನೀವು ಇಳಿದ ಜಾಗದಲ್ಲಿ ಇನ್ನೊಂದು ತೊಡಕಿದೆ: ಡವ್ ನದಿಯೇ ಡರ್ಬಿಶೈರ್ ಮತ್ತು ಸ್ಟಾಫರ್ಡ್‌ಶೈರ್‌ಗಳ ಗಡಿಯಾದ್ದರಿಂದ ಈಚೆ ದಡದ ರಸ್ತೆ ಒಂದು ಕೌನ್ಸಿಲಿನದು, ಲಾಂಗ್ನರ್ ಕಡೆಗೆ ಏರುವ ಆಚೆ ದಡದ ರಸ್ತೆ ಇನ್ನೊಂದರದು. ಈಚೆ ಬದಿ ಉಪ್ಪು ಕಂಡಿತೆಂದು ಆಚೆ ಬದಿಯೂ ಇದ್ದೀತೆಂದು ನಂಬುವಂತಿಲ್ಲ. ಜೊತೆಗೆ ಆ ಕಲ್ಲುಗೋಡೆಗಳು. ಗಾಳಿ ಬೀಸುವಾಗ ಬಯಲಿನ ಹಿಮವೆಲ್ಲ ಗೋಡೆ ಹಾರಿ ಬಂದು ಎರಡು ಗೋಡೆಗಳ ನಡುವಿನ ತಗ್ಗು ಹಾದಿಯಲ್ಲಿ ಬೀಳುತ್ತದೆ. ಹೊಲದಲ್ಲಿ ಹುಲ್ಲಿನ ತುದಿ ಕಾಣುತ್ತಿರುವಾಗಲೂ ಹಾದಿಯಲ್ಲಿ ಬಾಗಿಲಿನೆತ್ತರಕ್ಕೆ ಹಿಮ ಒಟ್ಟಿರುತ್ತದೆ. ಹೊಲದ ಗೇಟಿನ ಎದುರು, ಅಂದರೆ ಗೋಡೆಯಲ್ಲಿ ಕಿಂಡಿ ಇರುವಲ್ಲಿ, ನಾಲಿಗೆಯಂತೆ ಚಾಚಿದ ರಾಶಿ ಕಂಡರೆ ಅದರಾಚೆ ಏನಿದೆ ಎಂದು ನೋಡಲು ಹೋಗಬೇಡಿ.

ಮನೆಯ ಬಳಿ ಮಳೆ, ಮೇಲೆ ಹಿಮ ಎಂದು ನೀವು ಅಚ್ಚರಿಪಟ್ಟಿದ್ದೀರಿ. ಬಕ್ಸ್‌ಟನ್ ಸುಮಾರು 300 ಮೀಟರ್ ಎತ್ತರದಲ್ಲಿದೆ, ಆಶ್‌ಬೋರ್ನ್ ಅದರ ಅರ್ಧಕ್ಕಿಂತ ಕೆಳಗಿದೆ. ಸುಮಾರು 150 ಮೀಟರ್ ಏರಿದರೆ ಒಂದು ಡಿಗ್ರಿಯಷ್ಟು ತಂಪಾಗುವುದರಿಂದ, ನಿಮ್ಮ ಅಂಗಳದ ಎರಡು ಡಿಗ್ರಿಯ ಮಳೆ ಎ515ರ ಬಯಲಿನ ಮೇಲೆ ಹಿಮವೇ. ಅದಕ್ಕಿಂತ ಮೋಸದ ಸಂಗತಿ ಬೇರೆ ಇದೆ. ಜೋರಾಗಿ ಸುರಿಯುವಾಗ ಮೇಲಿನಿಂದ ಬೀಳುವ ಹಿಮ ಕರಗುತ್ತ ಸುತ್ತಲಿನ ಗಾಳಿಯ ಬಿಸಿಯನ್ನು ಹೀರಿಕೊಳ್ಳುವುದರಿಂದ ಗಾಳಿಯೇ ತಣ್ಣಗಾಗಿ, ಮಳೆಯಿದ್ದದ್ದು ಹೆಚ್ಚು ಹೊತ್ತು ಹಿಡಿಯದೆ ಹಿಮವಾಗಿ ತಿರುಗುತ್ತದೆ. ಹವಾಮಾನ ಇಲಾಖೆ ಮಳೆ ಎಂದಿತ್ತಲ್ಲ ಎಂದು ಬೈಯುವವರು ಇದನ್ನು ಗಮನಿಸುವುದಿಲ್ಲ. ಮೊದಲು ಬಿದ್ದ ಮಳೆ ರಾತ್ರಿ ಹಾಕಿದ ಉಪ್ಪನ್ನೂ ತೊಳೆದುಕೊಂಡು ಹೋಗಿರುತ್ತದೆ. ಬಕ್ಸ್‌ಟನ್ನಿನ ಹಿಮಕ್ಕೆ ತಿಂಗಳಿನ ಹಂಗೂ ಇಲ್ಲ: 1975ರ ಜೂನ್ 2ರಂದು ಅಲ್ಲಿ ಡರ್ಬಿಶೈರ್ ಮತ್ತು ಲ್ಯಾಂಕಾಷೈರ್ ನಡುವಿನ ಕ್ರಿಕೆಟ್ ಪಂದ್ಯದ ಆ ದಿನದ ಆಟವೇ ಹಿಮ ಬಿದ್ದು ನಿಂತುಹೋಯಿತು. ಆದ್ದರಿಂದ ಮುನ್ಸೂಚನೆ ನೋಡುವಾಗ ಆಶ್‌ಬೋರ್ನಿನದನ್ನಲ್ಲ, ಬಕ್ಸ್‌ಟನ್ನಿನದನ್ನು ನೋಡಿ, ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆಯನ್ನೂ ಕಡೆಗಣಿಸಬೇಡಿ.

ನಾನು ವರ್ಷಗಳಿಂದ ಪಾಲಿಸುತ್ತಿರುವ ಕ್ರಮವನ್ನು ಹೇಳುತ್ತೇನೆ, ಇದೊಂದನ್ನಾದರೂ ಮಾಡಿ. ನವೆಂಬರಿನ ಒಂದು ಭಾನುವಾರ ಕೂತು ಕೌನ್ಸಿಲಿನ ಜಾಲತಾಣದಲ್ಲಿರುವ ಗ್ರಿಟಿಂಗ್ (ಉಪ್ಪು ಹಾಕುವ) ನಕ್ಷೆಯನ್ನು ತೆರೆದು, ಮನೆಯಿಂದ ಕೆಲಸದವರೆಗೆ ಉಪ್ಪು ಹಾಕುವ ರಸ್ತೆಗಳಲ್ಲೇ ಸಾಗುವ ದಾರಿಯನ್ನು ಗುರುತಿಸಿಕೊಳ್ಳಿ. ಅದು ಎಷ್ಟೇ ಸುತ್ತಾದರೂ ಸರಿ. ಬಳಿಕ ಆ ದಾರಿಯಲ್ಲಿ ಕಾರನ್ನು ಸುರಕ್ಷಿತವಾಗಿ ತಿರುಗಿಸಬಹುದಾದ ಜಾಗಗಳನ್ನು ಆಯ್ದು ಬರೆದಿಡಿ. ನಿಮ್ಮ ರಸ್ತೆಯಲ್ಲಾದರೆ ಆಲ್ಸಪ್ ಹಳೆಯ ನಿಲ್ದಾಣದ ಕಾರ್ ಪಾರ್ಕ್, ನ್ಯೂಹೇವನ್ ಕೂಡುದಾರಿ, ಪಾರ್ಸ್ಲಿ ಹೇಯ ಸೈಕಲ್ ಬಾಡಿಗೆಯ ಕಾರ್ ಪಾರ್ಕ್ ಇವೆ. ಪ್ರತಿ ಜಾಗಕ್ಕೂ ಒಂದು ಶರತ್ತನ್ನು ಮೊದಲೇ ಕಟ್ಟಿಕೊಳ್ಳಿ. ಆಲ್ಸಪ್ ಬಳಿ ಡಾಂಬರು ಕಾಣದೆ ಬರೀ ಗಾಲಿಯ ಗುರುತು ಮಾತ್ರ ಕಾಣುತ್ತಿದ್ದರೆ ಹಿಂದಕ್ಕೆ; ನ್ಯೂಹೇವನ್ನಿನಲ್ಲಿ ಗಾಲಿಯ ಗುರುತೂ ಮುಚ್ಚಿಹೋಗುತ್ತಿದ್ದರೆ ಹಿಂದಕ್ಕೆ; ಎದುರಿನಿಂದ ವಾಹನ ಬರುವುದೇ ನಿಂತುಹೋಗಿದ್ದರೆ ಎಲ್ಲಿದ್ದರೂ ಹಿಂದಕ್ಕೆ, ಏಕೆಂದರೆ ಮುಂದೆ ರಸ್ತೆ ಕಟ್ಟಿದೆ ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಸೂಚನೆಯಿಲ್ಲ. ಈ ಶರತ್ತುಗಳನ್ನು ಮನೆಯಲ್ಲಿ ಕೂತಾಗಲೇ ಬರೆಯಬೇಕು. ಕೆಲಸಕ್ಕೆ ಹೊತ್ತಾಗುತ್ತಿರುವಾಗ, ರಾತ್ರಿ ಪಾಳಿಯವರು ನಮಗಾಗಿ ಕಾಯುತ್ತಿದ್ದಾರೆಂದು ಗೊತ್ತಿರುವಾಗ, ಸ್ಟೀರಿಂಗ್ ಹಿಡಿದು ಕೂತವನಿಗೆ ಇನ್ನೊಂದು ಮೈಲಿ ನೋಡೋಣ ಎಂದೇ ಅನ್ನಿಸುತ್ತದೆ. ಬೇಕ್‌ವೆಲ್ ಮೂಲಕ ಎ6 ಹಿಡಿಯುವುದು ಸುತ್ತಿನ ದಾರಿಯಾದರೂ ಬಹುಪಾಲು ಕಣಿವೆಯಲ್ಲಿ ಸಾಗುತ್ತದೆ. ಟ್ಯಾಡಿಂಗ್ಟನ್ ಬಳಿ ಅದೂ ಮೇಲೇರುತ್ತದೆ ಎಂಬುದನ್ನು ಮರೆಯಬೇಡಿ. ಸಾಲಿನಲ್ಲಿ ಸಿಕ್ಕಿಕೊಂಡು ಹಿಂದೆಯೂ ತಿರುಗಲಾಗದಿದ್ದರೆ ಅಲ್ಲೇ ಕಾಯಿರಿ. ಸಾಲು ನಿಂತಿರುವ ರಸ್ತೆಗೆ ಹಿಮ ತಳ್ಳುವ ವಾಹನ ಬಂದೇ ಬರುತ್ತದೆ, ಒಳದಾರಿಗೆ ಬರುವುದು ಟ್ರ್ಯಾಕ್ಟರಿನ ರೈತ, ಅದೂ ಅವನ ಕುರಿಗಳಿಗೆ ಮೇವು ಹಾಕಿದ ಮೇಲೆ.

ಎಸ್‌ಯುವಿಗೆ ಇಟ್ಟ ಹಣದಲ್ಲಿ ಸಣ್ಣ ಪಾಲನ್ನು ಟೈರಿಗೆ ಹಾಕಿ. ಬೇಸಿಗೆ ಟೈರಿನ ರಬ್ಬರು ಸುಮಾರು ಏಳು ಡಿಗ್ರಿಯಿಂದ ಕೆಳಗೆ ಗಡುಸಾಗತೊಡಗುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದ ಟೈರ್ ಕಡ್ಡಾಯವಲ್ಲದ ಕಾರಣ ಬಹಳ ಮಂದಿ ಈ ಬಗ್ಗೆ ಯೋಚಿಸುವುದಿಲ್ಲ. ನಮ್ಮಂಥವರಿಗೆ ವರ್ಷವಿಡೀ ನಡೆಯುವ ಆಲ್ ಸೀಸನ್ ಟೈರ್ ಸಾಕು, ಆದರೆ ಅದರ ಬದಿಯಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರಲೇಬೇಕು. ಬರೀ ಎಂ+ಎಸ್ (ಮಡ್ ಮತ್ತು ಸ್ನೋ, ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಅದು ತಯಾರಕರೇ ಹಾಕಿಕೊಳ್ಳಬಹುದಾದ ಗುರುತು, ಹಿಮದಲ್ಲಿ ಪರೀಕ್ಷೆಯಾದದ್ದಕ್ಕೆ ಸಾಕ್ಷಿಯಲ್ಲ. ನಾನು ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಹಾಕಿಸಿದ್ದೇನೆ, ಬೆಲೆ ಜಾಸ್ತಿಯಾದರೂ ನನಗೆ ಅದೇ ಸರಿಯೆನಿಸುತ್ತದೆ. ಗುಡ್‌ಇಯರ್ ವೆಕ್ಟರ್ ಫೋರ್ ಸೀಸನ್ಸ್ ಹಾಕಿಸಿಕೊಂಡ ಸ್ನೇಹಿತರೂ ತೃಪ್ತರಾಗಿದ್ದಾರೆ. ಯಾವುದೇ ಹಾಕಿಸಿ, ನಾಲ್ಕನ್ನೂ ಒಟ್ಟಿಗೆ ಹಾಕಿಸಿ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಮುಂಭಾಗ ಹಿಡಿದುಕೊಂಡು ಹಿಂಭಾಗ ಸುತ್ತುತ್ತದೆ. ಕಾನೂನು ಕೇಳುವ ತುಳಿಪಟ್ಟಿಯ ಆಳ 1.6 ಮಿಲಿಮೀಟರ್, ಹಿಮಕ್ಕೆ ಅದು ಏನೇನೂ ಸಾಲದು. ನಾಲ್ಕು ಮಿಲಿಮೀಟರಿಗೆ ಇಳಿದಾಗಲೇ ನಾನು ಬದಲಿಸುತ್ತೇನೆ. ಗಾಳಿ ಕಡಿಮೆ ಮಾಡಿ ಓಡಿಸಿ ಎಂದು ಇಲ್ಲೊಬ್ಬರು ಸಲಹೆ ಕೊಟ್ಟಿದ್ದಾರೆ. ಸಾರ್ವಜನಿಕ ರಸ್ತೆಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಕಾರಿನ ಬೂಟಿನಲ್ಲಿ (ಡಿಕ್ಕಿಯಲ್ಲಿ) ಒಂದು ಜೊತೆ ಬಟ್ಟೆಯ ಟೈರ್ ಚೀಲ ಇಟ್ಟುಕೊಳ್ಳಿ, ಸಿಕ್ಕಿಬಿದ್ದಾಗ ಚಾಲನೆಯ ಚಕ್ರಗಳಿಗೆ ತೊಡಿಸಿ ಹೊರಬರಬಹುದು, ಆದರೆ ಬರಿ ಡಾಂಬರಿನ ಮೇಲೆ ಓಡಿಸಿದರೆ ಬೇಗನೆ ಹರಿದುಹೋಗುತ್ತದೆ.

ಓಡಿಸುವ ಬಗ್ಗೆ ಎರಡು ಮಾತು ಹೇಳಲೇಬೇಕು. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಓಡಿಸಿದವರಿಗೆ ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯನ್ನು ಬಳಸುವ ಅಭ್ಯಾಸವಿದೆ. ಅದು ಇಲ್ಲಿಯೂ ಸರಿ, ಆದರೆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಇಳಿಸಿ ಕ್ಲಚ್ ನಿಧಾನವಾಗಿ ಬಿಡಬೇಕು. ಅರ್ಧ ಇಳಿದ ಮೇಲೆ ಥಟ್ಟನೆ ಇಳಿಸಿದರೆ ಚಾಲನೆಯ ಚಕ್ರಗಳು ಅಲ್ಲೇ ಹಿಡಿದುಕೊಂಡು ಜಾರತೊಡಗುತ್ತವೆ. ಸಮತಟ್ಟಿನಲ್ಲೂ ಏರಿನಲ್ಲೂ ಸಾಧ್ಯವಾದಷ್ಟು ಮೇಲಿನ ಗೇರು, ಹೊರಡುವಾಗ ಎರಡನೇ ಗೇರು. ವಿದ್ಯುತ್ ಕಾರಿನವರು ಕಾಲೆತ್ತಿದ ಕೂಡಲೇ ಕಾರು ತಾನೇ ನಿಧಾನಿಸುವ ಮಟ್ಟವನ್ನು ಕಡಿಮೆಗೆ ಇಟ್ಟುಕೊಳ್ಳಿ. ಏರಿನ ಬುಡದಲ್ಲಿ ನಿಂತು, ಮುಂದಿನ ಕಾರು ತುದಿ ದಾಟಿದ ಮೇಲೆಯೇ ಹೊರಡಿ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್ ಪ್ರಕಾರ ಗಂಟೆಗೆ 30 ಮೈಲಿ ವೇಗದಲ್ಲಿ ಒಣರಸ್ತೆಯಲ್ಲಿ ನಿಲ್ಲಲು 23 ಮೀಟರ್ ಬೇಕು, ಮಂಜುಗಟ್ಟಿದ ರಸ್ತೆಯಲ್ಲಿ ಅದು ಹತ್ತು ಪಟ್ಟಿನವರೆಗೂ ಆಗಬಹುದು. ಬ್ರೇಕ್ ತುಳಿದಾಗ ಚಕ್ರ ಹಿಡಿದುಕೊಳ್ಳದಂತೆ ತಡೆಯುವ ಎಬಿಎಸ್ ಇದೆಯೆಂದು ಧೈರ್ಯ ಬೇಡ, ಸಡಿಲ ಹಿಮದಲ್ಲಿ ಎಬಿಎಸ್ ನಿಲ್ಲುವ ದೂರವನ್ನು ಹೆಚ್ಚಿಸಲೂಬಹುದು. ಹೊರಡುವ ಮೊದಲು ಚಾವಣಿಯ ಹಿಮವನ್ನೂ ತೆಗೆಯಿರಿ, ಬ್ರೇಕ್ ಹಾಕಿದಾಗ ಅದೆಲ್ಲ ಗಾಜಿನ ಮೇಲೆ ಕುಸಿಯುತ್ತದೆ. ಗಾಜಿಗೆ ಕುದಿಯುವ ನೀರು ಸುರಿಯುವವರು ಗಾಜಿನ ಅಂಗಡಿಯ ವಿಳಾಸವನ್ನೂ ಬರೆದಿಟ್ಟುಕೊಂಡಿರಲಿ. ಎಂಜಿನ್ ಚಾಲೂ ಮಾಡಿ ಕಾರನ್ನು ಬೀದಿಯಲ್ಲಿ ಬಿಟ್ಟು ಒಳಗೆ ಕಾಫಿ ಕುಡಿಯಲು ಹೋಗುವುದು ಕಾನೂನಿಗೆ ವಿರುದ್ಧ, ಕಳುವಾದರೆ ವಿಮೆಯವರು ಹಣ ನಿರಾಕರಿಸಬಹುದು.

ಬೂಟಿನಲ್ಲಿ ಸಲಿಕೆ, ಕಂಬಳಿ, ಟಾರ್ಚ್, ನೀರು, ತಿನ್ನಲು ಏನಾದರೂ ಮತ್ತು ಫೋನ್ ಚಾರ್ಜರ್ ಇರಲಿ. 2021ರ ನವೆಂಬರಿನ ಆರ್ವೆನ್ ಬಿರುಗಾಳಿಯಲ್ಲಿ ಯಾರ್ಕ್‌ಷೈರ್ ಡೇಲ್ಸ್‌ನ ಟಾನ್ ಹಿಲ್ ಪಬ್ಬಿಗೆ ಸಂಜೆ ಕಳೆಯಲು ಹೋದವರು ಮೂರು ರಾತ್ರಿ ಅಲ್ಲೇ ಉಳಿಯಬೇಕಾಯಿತು. ಅವರಿಗೆ ಚಾವಣಿಯೂ ಊಟವೂ ಇತ್ತು, ಕಾರಿನಲ್ಲಿ ಸಿಕ್ಕಿದವರಿಗೆ ಇರುವುದಿಲ್ಲ. ಹಾಗೆ ಸಿಕ್ಕಿಕೊಂಡಾಗ ಬಿಸಿಗಾಗಿ ಎಂಜಿನ್ ಹಾಕುವುದಿದ್ದರೆ ಮೊದಲು ಹೊಗೆ ಕೊಳವೆಯ ಸುತ್ತಲಿನ ಹಿಮವನ್ನು ಸಲಿಕೆಯಿಂದ ತೆಗೆಯಿರಿ, ಇಲ್ಲದಿದ್ದರೆ ವಿಷದ ಹೊಗೆ ಒಳಗೆ ಬರುತ್ತದೆ. ಕೆಲಸದ ಒಪ್ಪಂದದಲ್ಲಿ ಬರೆದಿರದಿದ್ದರೆ ಹಿಮದಿಂದ ಬರಲಾಗದ ದಿನಕ್ಕೆ ಸಂಬಳ ಕೊಡಲೇಬೇಕೆಂಬ ಸಾಮಾನ್ಯ ನಿಯಮ ಇಲ್ಲಿಲ್ಲ, ಆದ್ದರಿಂದಲೇ ನಮ್ಮವರು ಹಟ ಹಿಡಿದು ಹೊರಡುತ್ತಾರೆಂದು ನನಗೆ ಗೊತ್ತು. ಆದರೂ ಬೆಳಿಗ್ಗೆಯೇ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿ. ಹಿಮದ ದಿನಗಳಲ್ಲಿ ಕೇರ್ ಕೆಲಸದವರನ್ನೂ ಆಸ್ಪತ್ರೆಯವರನ್ನೂ ಕರೆದೊಯ್ಯುವ 4x4 (ಫೋರ್ ವೀಲ್ ಡ್ರೈವ್) ಸ್ವಯಂಸೇವಕರ ತಂಡಗಳು ಹಲವು ಕಡೆ ಇವೆ, ಕೆಲಸದ ಸಂಸ್ಥೆಯ ಮೂಲಕ ಕೇಳಿದರೆ ನೆರವು ಸಿಗುವ ಸಾಧ್ಯತೆಯಿದೆ.

ಕೊನೆಯದಾಗಿ, ಯಾರೂ ಹೇಳದ ತುರ್ತು ವಿಷಯ. ಗೋಡೆಯ ಕಲ್ಲುಗಳು ಉರುಳಿವೆ ಎಂದು ಬರೆದಿದ್ದೀರಿ, ಆದರೆ ಗೋಡೆ ಯಾರದೆಂದು ವಿಚಾರಿಸಿದಂತೆ ಕಾಣುವುದಿಲ್ಲ. ರಸ್ತೆ ಪಕ್ಕದ ಆಸ್ತಿಗೆ ಹಾನಿಯಾದಾಗ ಮಾಲೀಕರಿಗೆ ಹೆಸರು, ವಿಳಾಸ, ಕಾರಿನ ನಂಬರ್ ಕೊಡದೆ ಹೋದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಕಾನೂನು. ಘಟನೆ ನಿನ್ನೆ ಬೆಳಗಿನದಾದ್ದರಿಂದ ಇದನ್ನು ಓದಿದ ಕೂಡಲೇ ಪೊಲೀಸ್ ಠಾಣೆಗೆ ಖುದ್ದಾಗಿ ಹೋಗಿ ತಿಳಿಸಿ, ಆಮೇಲೆ ಹತ್ತಿರದ ಫಾರ್ಮಿನವರನ್ನು ಕಂಡು ಮಾತಾಡಿ, ವಿಮೆಯವರಿಗೂ ತಿಳಿಸಿ. ಹೊಸ ಟೈರ್ ತರಿಸುವ ಮೊದಲು ಗೋಡೆಗೆ ತಗುಲಿದ ಬದಿಯ ರಿಮ್ಮನ್ನೂ ನಾಲ್ಕು ಚಕ್ರದ ಅಲೈನ್‌ಮೆಂಟನ್ನೂ ನೋಡಿಸಿ, ಇಲ್ಲದಿದ್ದರೆ ದುಬಾರಿ ಟೈರಿನ ಒಂದು ಅಂಚು ಮಾರ್ಚಿನೊಳಗೆ ಸವೆದುಹೋಗುತ್ತದೆ.