ಮಗಳು ಬಾಯಿ ತೆರೆದದ್ದು ಒಂದೇ ಕಡೆ

ಮಾನ್ಯರೇ,

ಮಗಳು ಹುಟ್ಟಿದ ದಿನದಿಂದ ಹಿಡಿದು ಅವಳು ಕೆಲಸಕ್ಕೆ ಸೇರಿ ಬೇರೆ ಮನೆ ಮಾಡುವವರೆಗಿನ ನಿಮ್ಮ ಪ್ರಬಂಧ ತಲುಪಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ತೊಡರಿಲ್ಲದೆ ಓದಿಸಿಕೊಳ್ಳುತ್ತದೆ. ಆದರೆ ಈಗಿರುವಂತೆ ಪ್ರಕಟಿಸಲಾರೆ. ಇಂಥದ್ದಕ್ಕೆ ಸಾಮಾನ್ಯವಾಗಿ ಎರಡು ಸಾಲಿನ ವಿಷಾದಪತ್ರ ಹೋಗುತ್ತದೆ. ನಿಮಗೆ ಇಷ್ಟುದ್ದ ಬರೆಯುತ್ತಿರುವುದು ನಾಲ್ಕನೆಯ ಪುಟದ ಒಂದು ವಾಕ್ಯಕ್ಕಾಗಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿಟ್ಟು ಬಂದ ಜಾಗ.

'ಹುಟ್ಟಿದ ಕ್ಷಣವೇ ಕಂದ ನನ್ನನ್ನು ಗುರುತಿಸಿ ನಕ್ಕಳು, ಕೆನ್ನೆಯ ಮೇಲೆ ಕಣ್ಣೀರ ಹನಿ ಮುತ್ತಿನಂತೆ ಹೊಳೆಯುತ್ತಿತ್ತು' ಎಂದಿದ್ದೀರಿ. ನಕ್ಕಿರಲಾರಳು. ನಿದ್ದೆಗಣ್ಣಿನಲ್ಲಿ ತುಟಿ ಅರಳುವುದು ಬೇರೆ. ಮುಖ ನೋಡಿ ನಗುವ ನಗು ಬರಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಕಣ್ಣೀರಿನ ಕಥೆಯೂ ಅಷ್ಟೇ. ಎಳೆಗೂಸು ಮೈ ಕೆಂಪಾಗುವಷ್ಟು ಅತ್ತರೂ ಮೊದಲ ಕೆಲವು ವಾರ ಕೆನ್ನೆ ತೋಯುವುದಿಲ್ಲ. ಹೆತ್ತು ಸಾಕಿದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದವರೇ ಹೀಗೆ ಬರೆದದ್ದು ನನ್ನ ತಕರಾರು. ಆ ಹೊತ್ತು ನೀವು ಕಂಡ ಮುಖ ಊದಿಕೊಂಡಿದ್ದಿರಬಹುದು, ಹೆರಿಗೆಯ ಒತ್ತಡಕ್ಕೆ ತಲೆ ಉದ್ದವಾಗಿದ್ದಿರಬಹುದು, ನೋಡಿ ನಿಮಗೆ ಒಂದು ಗಳಿಗೆ ಅಳುಕಾಗಿದ್ದಿರಲೂಬಹುದು. ಅದನ್ನೆಲ್ಲ ಬದಿಗೆ ಸರಿಸಿ ಯಾವುದೋ ಕ್ಯಾಲೆಂಡರಿನ ಮಗುವನ್ನು ತಂದು ಮಲಗಿಸಿದ್ದೀರಿ. ನಿಜ ಇದಕ್ಕಿಂತ ಸೊಗಸಾಗಿತ್ತಲ್ಲ! ಹಸುಗೂಸಿನ ಕಣ್ಣಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು. ಹಾಲು ಕುಡಿಯುವಾಗ ತಾಯಿಯ ಮುಖ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ.

ಇನ್ನೊಂದು, 'ಕಾಲ ಹೇಗೆ ಉರುಳಿತೋ ತಿಳಿಯಲೇ ಇಲ್ಲ.' ಪುಟಪುಟಕ್ಕೂ ಇದೇ ಮಾತು. ಎರಡನೆಯ ಪುಟದ ಕೊನೆಗೆ ಅಂಬೆಗಾಲಿಡುತ್ತಿದ್ದ ಮಗು ಮೂರನೆಯ ಪುಟದ ಮೊದಲಿಗೆ ಶಾಲೆಯ ಚೀಲ ಹೊತ್ತು ನಿಂತಿದೆ. ನಡುವಿನದೆಲ್ಲ ಎಲ್ಲಿ ಹೋಯಿತು? ಮೂರು ವರ್ಷಕ್ಕೆ ಮುಂಚಿನದು ದೊಡ್ಡವರಾದ ಮೇಲೆ ಬಹುತೇಕ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ನಿಮ್ಮ ಮಗಳ ಆ ವರ್ಷಗಳು ಅವಳ ಬಳಿ ಇಲ್ಲ, ನಿಮ್ಮ ಬಳಿ ಇವೆ. ಇದ್ದೊಬ್ಬ ಸಾಕ್ಷಿಯೇ 'ತಿಳಿಯಲೇ ಇಲ್ಲ' ಎಂದುಬಿಟ್ಟರೆ ಕೇಸು ಬಿದ್ದಂತೆಯೇ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತ ಕೆಲಸ ಕಲಿತವನು. ಅಲ್ಲಿನ ಹಿರಿಯ ಸಂಪಾದಕರದು ಮಾತು ಕಡಿಮೆ. ಒಪ್ಪದ ವಾಕ್ಯ ಕಂಡರೆ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ 'ಕಂಡವರಾರು?' ಎಂದು ಬರೆದು ಹಾಳೆಯನ್ನು ನನ್ನತ್ತ ತಳ್ಳುತ್ತಿದ್ದರು. 'ಸಭಿಕರು ಮಂತ್ರಮುಗ್ಧರಾದರು' ಎಂದಿದ್ದರಂತೂ ಪೆನ್ಸಿಲಿನ ಮೊನೆಯೇ ಮುರಿಯುತ್ತಿತ್ತು. ಆ ಹಾಳೆಯನ್ನು ಬರೆದವರ ಮೇಜಿಗೆ ಮರಳಿಸುವುದು ನನ್ನ ಪಾಲಿನ ಕೆಲಸ. ಅವರ ಬೈಗುಳವೂ ನನ್ನ ಪಾಲಿಗೇ. ಒಬ್ಬ ವರದಿಗಾರರು ಗೊಣಗುತ್ತಲೇ ಆ ಸಾಲು ಹೊಡೆದುಹಾಕಿ, ಮುಂದಿನ ಸಾಲಿನಲ್ಲಿ ಕೂತ ಅಜ್ಜ ಭಾಷಣದ ನಡುವೆ ಎದ್ದು ಚಪ್ಪಲಿ ಹುಡುಕಿದ್ದನ್ನು ಬರೆದುಕೊಟ್ಟರು. ವರದಿಗೆ ಜೀವ ಬಂತು.

ಈಗ ನಾಲ್ಕನೆಯ ಪುಟ. 'ಒಂದು ಬೆಳಿಗ್ಗೆ ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು, ಇನ್ನು ನಾನೇ ಬಾಚಿಕೊಳ್ಳುತ್ತೇನೆ ಎಂದಳು.' ಇಡೀ ಪ್ರಬಂಧದಲ್ಲಿ ಮಗಳು ಬಾಯಿ ತೆರೆದದ್ದು ಇಲ್ಲೊಂದೇ ಕಡೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮರುಸಾಲಿಗೇ ನೀವು 'ಕಣ್ಣೆದುರೇ ಮೊಗ್ಗು ಹೂವಾಗಿಬಿಡುತ್ತದೆ' ಎಂದು ಅವಳ ಬಾಯಿ ಮುಚ್ಚಿಸಿದಿರಿ. ಏಕೆ? ಆಗ ಅವಳಿಗೆ ಹನ್ನೊಂದು ಎಂದಿದ್ದೀರಿ. ಆ ಆಸುಪಾಸಿನಲ್ಲಿ ಹೆಣ್ಣುಮಕ್ಕಳು ಒಂದೇ ವರ್ಷದಲ್ಲಿ 7-8 ಸೆಂಟಿಮೀಟರ್ ಎತ್ತರವಾಗುವುದುಂಟು. ಹಾಗಾದರೆ ತಲೆ ಬಾಚುವಾಗ ನಿಮ್ಮ ಮೊಣಕೈ ತಿಂಗಳಿಂದ ತಿಂಗಳಿಗೆ ಮೇಲೇರುತ್ತಿದ್ದಿರಬೇಕು. ಗಮನಿಸಿದ್ದಿರಾ? ಅವಳು ಬೈತಲೆಯನ್ನು ಸೊಟ್ಟಗೆ ತೆಗೆದಳೇ? ತಿದ್ದಲು ಕೈ ಮುಂದಾಯಿತೇ, ತಡೆದುಕೊಂಡಿರೇ? ಬೇಸರವಾಯಿತೋ ಅಥವಾ, ಹೇಳಲು ಸಂಕೋಚ ಬೇಡ, ಬೆಳಗಿನ ಗಡಿಬಿಡಿಯಲ್ಲಿ ಹತ್ತು ನಿಮಿಷ ಉಳಿಯಿತೆಂದು ಹಾಯೆನಿಸಿತೋ? ತಾಯಿಗೆ ಹಾಯೆನಿಸಬಾರದೆಂದು ಯಾರೂ ಬರೆದಿಟ್ಟಿಲ್ಲ.

ಪದವಿ, ಕೆಲಸ, ಕೊನೆಯ ಪುಟದ ಕವಿತೆ, ಇವುಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಮತ್ತೆ ಬರೆಯುವುದಾದರೆ ಆ ಬೆಳಿಗ್ಗೆಯಿಂದಲೇ ಶುರುಮಾಡಿ. ಹೆರಿಗೆ ಬೇಕೆನಿಸಿದರೆ ನಡುವೆಲ್ಲಾದರೂ ಬರಲಿ. ನನಗೆ ಕಳಿಸುವ ಮುಂಚೆ ಮಗಳಿಗೆ ಓದಲು ಕೊಡಿ. 'ಅಮ್ಮಾ, ಅದು ಹಾಗೆ ನಡೆಯಲೇ ಇಲ್ಲ' ಎಂದು ಅವಳು ಜಗಳ ತೆಗೆದರೆ ಆ ಜಗಳವನ್ನೂ ಸೇರಿಸಿ ಕಳಿಸಿ. ಕವಿತೆ ಬೇಡ.

ಇಂತು,
ಸಂಪಾದಕ